ಒಡಹುಟ್ಟಿದವರು ಕೊಡಬಯಸಿದರೂ

1954ರ ಡಿಸೆಂಬರ್ 23. ಕ್ರಿಸ್ಮಸ್ ಹಬ್ಬಕ್ಕೆ ಇನ್ನೆರಡೇ ದಿನಗಳಿದ್ದವು. ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ ರೊನಾಲ್ಡ್ ಹೆರಿಕ್ ಎಂಬ ಯುವಕನು ತನ್ನ ಒಂದು ಮೂತ್ರಪಿಂಡವನ್ನು ಸಾವಿನಂಚಿನಲ್ಲಿದ್ದ ಅವಳಿ ಸಹೋದರ ರಿಚರ್ಡ್‌ನಿಗೆ ಧಾರೆಯೆರೆದನು. ಕಸಿ ನಡೆಸಿದ ಡಾ. ಜೋಸೆಫ್ ಮರ್ರೆಯವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ರಿಚರ್ಡ್ ಮತ್ತೆ ಎಂಟು ವರ್ಷ ಬಾಳಿದನು. ಕೊಟ್ಟವನು 2010ರವರೆಗೂ ಬದುಕಿದ್ದನು.

ಜೀವಂತ ದಾನಿಯ ಮೂತ್ರಪಿಂಡವು ಮೃತರಿಂದ ಪಡೆದುದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಕಾಲ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಕಾಯುವ ಬವಣೆಯೂ ತಪ್ಪುತ್ತದೆ. 1972ರ ಕಾನೂನು ಡಯಾಲಿಸಿಸ್ ಮತ್ತು ಕಸಿಯನ್ನು ಮೆಡಿಕೇರ್ ಎಂಬ ಸರ್ಕಾರಿ ವಿಮೆಯೊಳಗೆ ತಂದಿತು. 1995ರಲ್ಲಿ ಬಾಲ್ಟಿಮೋರಿನ ವೈದ್ಯರು ದಾನಿಯ ಪಕ್ಕೆಯನ್ನು ಉದ್ದಕ್ಕೆ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕವೇ ಶಸ್ತ್ರಕ್ರಿಯೆ ನಡೆಸಿ ತೋರಿಸಿದರು. ದಾನದ ಹಾದಿ ಎಲ್ಲರಿಗೂ ಸುಗಮವಾಗಬೇಕಿತ್ತು.

ಹಾಗಾಗಲಿಲ್ಲ. ಕಾಯುವವರ ಪಟ್ಟಿಗೆ ಸೇರಿದ ಎರಡು ವರ್ಷಗಳೊಳಗೆ ಜೀವಂತ ದಾನಿಯಿಂದ ಕಸಿ ಪಡೆದವರು, 1995ರಲ್ಲಿ ಬಿಳಿಯರಲ್ಲಿ ನೂರಕ್ಕೆ 7.0, ಕಪ್ಪು ವರ್ಣೀಯರಲ್ಲಿ 3.4. 2014ರ ವೇಳೆಗೆ ಬಿಳಿಯರ ಪ್ರಮಾಣ 11.4ಕ್ಕೆ ಏರಿತು, ಕಪ್ಪು ವರ್ಣೀಯರದು 2.9ಕ್ಕೆ ಇಳಿಯಿತು. 2018ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಓದುವಾಗ ಮನಸ್ಸು ಮುದುಡುತ್ತದೆ. ಆ ದೇಶದ ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರು ನೂರಕ್ಕೆ ಸುಮಾರು 13. ಮೂತ್ರಪಿಂಡ ವಿಫಲವಾದವರಲ್ಲಿ ನೂರಕ್ಕೆ 30ಕ್ಕೂ ಹೆಚ್ಚು.

ಅವರಿಗೆ ಕೊಡುವ ಮನಸ್ಸಿಲ್ಲ ಎನ್ನುವುದು ಸುಲಭದ ಉತ್ತರ. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಡಾ. ಕ್ಲೈವ್ ಕ್ಯಾಲೆಂಡರ್, ತಮ್ಮ ಜನರನ್ನೇ ಕೂರಿಸಿಕೊಂಡು ಹಿಂಜರಿಕೆಯ ಕಾರಣ ಕೇಳಿದರು. ತಿಳಿವಳಿಕೆಯ ಕೊರತೆಯೊಡನೆ ವೈದ್ಯರ ಮೇಲಿನ ಅಪನಂಬಿಕೆಯೂ ಹೊರಬಂದಿತು. ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಕಪ್ಪು ವರ್ಣದ ಸಿಫಿಲಿಸ್ ರೋಗಿಗಳಿಗೆ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತಿದ್ದ ಸರ್ಕಾರಿ ಅಧ್ಯಯನವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಇನ್ನು, ಕೊಡಲು ಸಿದ್ಧರಾಗಿ ಬಂದ ಅಣ್ಣತಮ್ಮಂದಿರಲ್ಲೇ ರಕ್ತದೊತ್ತಡ, ಮಧುಮೇಹ ಕಂಡುಬಂದು, ಆಸ್ಪತ್ರೆ ಅವರನ್ನು ಹಿಂದಕ್ಕೆ ಕಳುಹಿಸುವುದೂ ಉಂಟು.

ಎಲ್ಲಕ್ಕಿಂತ ವಿಚಿತ್ರವಾದುದು ಒಂದು ಸೂತ್ರ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆಯೆಂದು ರಕ್ತಪರೀಕ್ಷೆಯಿಂದ ಅಂದಾಜಿಸುವ ಲೆಕ್ಕದಲ್ಲಿ 1999ರಿಂದ ವರ್ಣವೂ ಸೇರಿತ್ತು. 2009ರ ಸೂತ್ರದಂತೆ ಕಪ್ಪು ವರ್ಣದ ರೋಗಿಯ ಫಲಿತಾಂಶವನ್ನು ನೂರಕ್ಕೆ ಸುಮಾರು 16ರಷ್ಟು ಹೆಚ್ಚಿಸಲಾಗುತ್ತಿತ್ತು. ಅಂಕಿ 20ಕ್ಕೆ ಇಳಿದರೆ ಪಟ್ಟಿಯಲ್ಲಿ ಕಾಯುವ ಕಾಲ ಆರಂಭ. ಬಿಳಿಯನಿಗೆ 20 ಬರುವ ರಕ್ತವೇ ಕಪ್ಪು ವರ್ಣೀಯನದಾದರೆ 23! 2000ದ ಆಗಸ್ಟ್‌ನಲ್ಲಿ ರೋಮ್‌ನಲ್ಲಿ ಕಸಿ ತಜ್ಞರನ್ನುದ್ದೇಶಿಸಿ ಮಾತನಾಡಿದ ಜಗದ್ಗುರು ಎರಡನೆಯ ಜಾನ್ ಪೌಲರು, ಅಂಗಗಳ ಹಂಚಿಕೆಯಲ್ಲಿ ಜನಾಂಗ, ಧರ್ಮ, ಅಂತಸ್ತುಗಳ ಭೇದ ಸಲ್ಲದೆಂದಿದ್ದರು. ಭೇದವು ಹಂಚಿಕೆಗೂ ಮೊದಲೇ, ಪ್ರಯೋಗಾಲಯದ ಚೀಟಿಯಲ್ಲೇ ಕುಳಿತಿತ್ತು.

2021ರಲ್ಲಿ ವರ್ಣವಿಲ್ಲದ ಸೂತ್ರ ಬಂದಿತು. 2023ರ ಜನವರಿಯಿಂದ ಆಸ್ಪತ್ರೆಗಳು ಹಳೆಯ ಕಡತ ತೆರೆದು, ಪಟ್ಟಿಯಲ್ಲಿದ್ದ ಸಾವಿರಾರು ಮಂದಿಗೆ ಕಳೆದುಹೋದ ಕಾಲವನ್ನು ಲೆಕ್ಕಹಾಕಿ ಮರಳಿಸಿದವು. ಆದರೆ ಆ ಲೆಕ್ಕ ನೆರವಾಗುವುದು ಮೃತದಾನಿಯ ಅಂಗಕ್ಕಾಗಿ ಕಾಯುವವರಿಗೆ. ತಂಗಿ ತನ್ನ ಅಣ್ಣನಿಗೆ ಕೊಡಬೇಕಾದರೆ ವಾರಗಟ್ಟಲೆ ದುಡಿಮೆ ಬಿಡಬೇಕು. ಆದಾಯದ ಮಿತಿಯೊಳಗಿನ ಕುಟುಂಬಗಳಿಗೆ ಈ ಸಂಬಳವನ್ನು ಭರಿಸಲು ಅಮೆರಿಕದ ಸರ್ಕಾರ ಒಪ್ಪಿದ್ದು 2020ರಲ್ಲಿ.