ಚನ್ನಪಟ್ಟಣದ ತಿರುಗಣೆ

ಬೆಂಗಳೂರಿನಿಂದ ಮೈಸೂರಿಗೆ ಪ್ರಯಾಣ ಮಾಡಿರುವ ಶ್ರೋತೃಗಳಲ್ಲಿ ಚನ್ನಪಟ್ಟಣದ ಬೊಂಬೆಯನ್ನು ಕಾಣದವರು ವಿರಳ. ಕೆಂಪು, ಹಳದಿ, ಹಸುರು ಅರಗಿನಿಂದ ಥಳಥಳಿಸುವ ಬುಗುರಿ, ಗಿಲಕಿ, ಕುದುರೆಗಳನ್ನು ನಾವೆಲ್ಲರೂ ಕೊಂಡವರೇ. ಕೊಂಡು ಮಕ್ಕಳ ಕೈಗಿತ್ತು ಮರೆತವರೇ. ಈ ದಿನ ಬೊಂಬೆಯನ್ನು ಸ್ವಲ್ಪ ಬದಿಗಿಟ್ಟು, ಅದನ್ನು ಹುಟ್ಟಿಸಿದ ಉಪಕರಣದ ಕಡೆಗೆ ತಮ್ಮ ಗಮನವನ್ನು ಸೆಳೆಯಬೇಕೆಂದಿದ್ದೇವೆ.

ಇದಕ್ಕೆ ಒಂದು ಕಾರಣವುಂಟು. ಯಂತ್ರವು ಬಂದಿತು, ಕೈಗಸಬು ಸತ್ತಿತು ಎಂಬುದು ವಿದ್ಯಾವಂತರಾದ ನಮ್ಮಲ್ಲಿ ಬೇರೂರಿರುವ ಒಂದು ಅಭಿಪ್ರಾಯ. ನಾವೂ ಇದನ್ನು ನಂಬಿದ್ದೆವು. ಲ್ಯಾಂಕಷೈರಿನ ಮಗ್ಗಗಳ ಚರಿತ್ರೆಯನ್ನು ಓದಿದವರು ನಂಬದೆ ಇರುವುದು ಕಷ್ಟ. ಆದರೆ ಚನ್ನಪಟ್ಟಣದ ಒಂದು ಮನೆಯ ಪಡಸಾಲೆಯಲ್ಲಿ ಅರ್ಧ ದಿನ ಕುಳಿತು ಬಂದ ಮೇಲೆ ಈ ಮಾತನ್ನು ಹೀಗೆ ಸಾರಾಸಗಟಾಗಿ ಹೇಳುವುದು ನಮಗೆ ಸಾಧ್ಯವಾಗಿಲ್ಲ.

ಮೊದಲು ಮಾತಿನಿಂದಲೇ ತೊಡಗೋಣ. ಕನ್ನಡದಲ್ಲಿ ‘ಕಡೆ’ ಎಂಬ ಕ್ರಿಯಾಪದವಿದೆ. ಮೊಸರನ್ನು ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಚೆಲುವೆಯನ್ನು ಕಡೆದ ಬೊಂಬೆಯೆನ್ನುತ್ತೇವೆ. ಬೆಣ್ಣೆ ತೆಗೆಯುವ ಕೆಲಸಕ್ಕೂ ಬೊಂಬೆ ಮಾಡುವ ಕೆಲಸಕ್ಕೂ ಒಂದೇ ಮಾತು ಸಲ್ಲುವುದೇಕೆ? ಮಂತನ್ನು ನೆನಪಿಗೆ ತಂದುಕೊಂಡರೆ ಉತ್ತರ ದೊರೆಯುವುದು. ಕಡೆಗೋಲಿಗೆ ಹಗ್ಗವನ್ನು ಸುತ್ತಿ ಅದರ ಎರಡು ತುದಿಗಳನ್ನು ಒಂದಾದಮೇಲೊಂದರಂತೆ ಎಳೆದಾಗ ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುವುದು. ಹಳೆಯ ತಿರುಗಣೆಯೂ ಹೀಗೆಯೇ. ನಿಂತಿದ್ದ ಕಡೆಗೋಲನ್ನು ಮಲಗಿಸಿ, ಎರಡು ಗೂಟಗಳ ನಡುವೆ ಮೊಳೆಗಳಿಗೆ ಸಿಕ್ಕಿಸಿ, ಹಗ್ಗದ ಬದಲು ಬಿಲ್ಲಿನ ಹೆದೆಯನ್ನು ಸುತ್ತಿದರೆ ಆಯಿತು. ಲೇತು ಎಂದು ಈಗ ಎಲ್ಲರೂ ಕರೆಯುವ ಯಂತ್ರದ ಮೂಲರೂಪ ಇದೇ.

ಈ ಉಪಕರಣ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಈಜಿಪ್ಟಿನಲ್ಲಿ ಪೆಟೋಸಿರಿಸ್ ಎಂಬ ಅರ್ಚಕನ ಗೋರಿಯ ಗೋಡೆಯ ಮೇಲೆ, ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಕೆತ್ತಿದ ಒಂದು ಚಿತ್ರವಿದೆ. ಅದರಲ್ಲಿ ಒಬ್ಬನು ಹಗ್ಗವನ್ನು ಎಳೆಯುತ್ತಾನೆ, ಇನ್ನೊಬ್ಬನು ಉಳಿ ಹಿಡಿದಿದ್ದಾನೆ. ತಿರುಗಣೆಯ ಸ್ಪಷ್ಟವಾದ ಚಿತ್ರಗಳಲ್ಲಿ ಇದು ಅತ್ಯಂತ ಪ್ರಾಚೀನವೆಂದು ಹೇಳುವರು. ಕರ್ಣಾಟಕದಲ್ಲಿಯಾದರೋ ಸಾಕ್ಷಿ ಮರದಲ್ಲಿ ಉಳಿದಿಲ್ಲ. ಗೆದ್ದಲು ಮತ್ತು ಮಳೆ ಚರಿತ್ರಕಾರರಿಗೆ ಮಿತ್ರರಲ್ಲ. ಆದರೆ ಕಲ್ಲಿನಲ್ಲಿ ಉಳಿದಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತು ಕಂಬಗಳನ್ನು ನೋಡಿರಿ. ಬಳಪದ ಕಲ್ಲಿನಲ್ಲಿ ಒಂದರ ಕೆಳಗೊಂದು ಸುತ್ತಿಬಂದಿರುವ ಆ ಬಳೆಗಳನ್ನು ಬರಿಯ ಚಾಣದಿಂದ ಅಷ್ಟು ಸಮವಾಗಿ ತೆಗೆಯುವುದು ದುಸ್ಸಾಧ್ಯ. ಕಲ್ಲನ್ನು ತಿರುಗಿಸಿಯೇ ಕಡೆದಿರಬೇಕೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿರುವ ಮಾತು. ಅಷ್ಟು ಭಾರದ ಕಲ್ಲನ್ನು ತಿರುಗಿಸಬಲ್ಲವರಿಗೆ ಮರವನ್ನು ತಿರುಗಿಸುವುದು ಹೊಸ ವಿದ್ಯೆಯಾಗಿರಲಾರದು.

ಹಾಗಾದರೆ ಮರದ ತಿರುಗಣೆ ಚನ್ನಪಟ್ಟಣದಲ್ಲಿಯೇ ಏಕೆ ನೆಲೆಗೊಂಡಿತು? ಟಿಪ್ಪು ಸುಲ್ತಾನನು ಪಾರಸಿ ದೇಶದಿಂದ ಕುಶಲಿಗಳನ್ನು ಕರೆಸಿದನೆಂಬ ಕಥೆಯನ್ನು ಎಲ್ಲರೂ ಹೇಳುವರು. ಕಥೆ ಸೊಗಸಾಗಿದೆ. ಆದರೆ ಅರಸನ ಕರೆಯೊಂದರಿಂದಲೇ ಕಸಬು ಬೇರೂರುವುದಿಲ್ಲ; ಅದಕ್ಕೆ ಸಾಮಗ್ರಿ ಬೇಕು, ದಾರಿ ಬೇಕು, ಕೈಪಳಗಿದ ಜನ ಬೇಕು. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಈ ಊರು ಇದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಸರು ಸಿದ್ಧಪಡಿಸಿದ ಗೆಜೆಟಿಯರು ಇಲ್ಲಿಯ ಅರಗಿನ ಸಾಮಾನು ಮತ್ತು ಬೊಂಬೆಗಳ ಜೊತೆಯಲ್ಲಿ ಗಾಜಿನ ಬಳೆಯನ್ನೂ, ವೀಣೆ ಮೊದಲಾದ ವಾದ್ಯಗಳಿಗೆ ಬೇಕಾಗುವ ನಯವಾದ ಉಕ್ಕಿನ ತಂತಿಯನ್ನೂ ಹೆಸರಿಸಿದೆ. ಉಕ್ಕನ್ನು ಕೂದಲಿನಂತೆ ಎಳೆಯಬಲ್ಲವರಿದ್ದ ಊರಿನಲ್ಲಿ ಉಳಿಗೆ ಹದ ಕೊಡಬಲ್ಲವರೂ ಇದ್ದರೆಂದು ಭಾವಿಸುವುದು ತಪ್ಪಾಗಲಾರದು.

ಇನ್ನು ಸಾಮಗ್ರಿ. ಸುತ್ತಲಿನ ಕುರುಚಲು ಕಾಡಿನಲ್ಲಿ ಹಾಲೆಯ ಮರ ಬೆಳೆಯುವುದು. ಆಲೆ ಮರವೆಂದು ಅಲ್ಲಿಯ ರೂಢಿ. ಗಾಯವಾದರೆ ಹಾಲು ಸುರಿಸುವ ಈ ಮರದ ಎಲೆಯಿಂದ ಹಿಂದೆ ನೀಲಿಬಣ್ಣವನ್ನು ತೆಗೆಯುತ್ತಿದ್ದರು. ತಿರುಳು ಬಿಳುಪು, ಎಳೆ ಬಹು ಸಣ್ಣದು, ಗಂಟು ಕಡಮೆ. ಇಂಗ್ಲಿಷರು ಇದನ್ನು ದಂತದ ಮರವೆಂದು ಕರೆದುದು ಉಚಿತವೇ. ಕಡಿದು ತಂದ ಮರವನ್ನು ಎರಡು ಮೂರು ತಿಂಗಳು ನೆರಳಿನಲ್ಲಿ ಒಣಗಿಸುವರು. ಅವಸರಪಟ್ಟರೆ ಮುಗಿದ ಬೊಂಬೆ ಸೀಳುವುದು.

ಎರಡನೆಯದು ಅರಗು. ಮುತ್ತುಗ, ಬೋರೆ ಮುಂತಾದ ಮರಗಳ ಕೊಂಬೆಗಳ ಮೇಲೆ ಒಂದು ಸಣ್ಣ ಹುಳು ಸುರಿಸುವ ಅಂಟು ಇದು. ಇದನ್ನು ಕೆಂಡದ ಮೇಲೆ ಕರಗಿಸಿ, ಬಣ್ಣ ಬೆರಸಿ, ಮಿದಿದು ಎಳೆದು ಕಡ್ಡಿಗಳನ್ನಾಗಿ ಮಾಡುವರು. ನೀರು ಕುದಿಯುವುದಕ್ಕಿಂತ ಎಷ್ಟೋ ಕಡಮೆಯ ಕಾವಿಗೆ ಅರಗು ಮೆತ್ತಗಾಗುವುದು. ಇಡೀ ಕಸಬಿನ ಗುಟ್ಟು ಇದರಲ್ಲಿದೆ. ತಿರುಗುತ್ತಿರುವ ಮರಕ್ಕೆ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಯಿಂದಲೇ ಅದು ಕರಗಿ ಮರಕ್ಕೆ ಹತ್ತುವುದು. ಕುಂಚವಿಲ್ಲ, ಎಣ್ಣೆಯಿಲ್ಲ, ಒಣಗಿಸುವ ಕಾಲವಿಲ್ಲ. ಕಡೆಗೆ ತಾಳೆಹೂವಿನ ಗಿಡದ, ಎಂದರೆ ಕೇದಗೆಯ, ಒಂದು ಗರಿಯನ್ನು ಮಡಿಸಿ ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುವುದು. ನಾವು ನೋಡಿದ ಮನೆಯಲ್ಲಿ ಮುಳ್ಳು ಸವರಿದ ಗರಿಗಳನ್ನು ಕಂತೆ ಕಟ್ಟಿ ಸೂರಿಗೆ ಸಿಕ್ಕಿಸಿದ್ದರು.

ಬಿಲ್ಲಿನ ಕಾಲದಲ್ಲಿ ಕಸಬುದಾರನು ನೆಲದ ಮೇಲೆ ಕುಳಿತು, ಬಲಗೈಯಿಂದ ಬಿಲ್ಲನ್ನು ಆಡಿಸುತ್ತ, ಎಡಗೈಯಿಂದ ಉಳಿಯನ್ನು ಹಿಡಿದು, ಕಾಲಿನ ಬೆರಳುಗಳಿಂದ ಅದನ್ನು ಅಲುಗದಂತೆ ಒತ್ತಿಕೊಳ್ಳುತ್ತಿದ್ದನು. ದಪ್ಪನಾದ ಮರವಾದರೆ ಹೆಂಡತಿಯೋ ಮಗನೋ ಎದುರು ಕುಳಿತು ಹಗ್ಗವನ್ನು ಎಳೆಯಬೇಕು. ಮರ ತನ್ನ ಕಡೆಗೆ ತಿರುಗಿದಾಗ ಮಾತ್ರ ಉಳಿ ಕೊಯ್ಯುವುದು. ಹಿಂದಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಸಡಿಲಿಸಬೇಕು. ಆದುದರಿಂದ ಪಟ್ಟ ಶ್ರಮದಲ್ಲಿ ಅರ್ಧ ವ್ಯರ್ಥ. ಈ ಕಷ್ಟವನ್ನು ಕಾವ್ಯಮಯವೆಂದು ಹೊಗಳುವ ಕೆಲವರು ನಮ್ಮ ಮಿತ್ರರಲ್ಲಿಯೂ ಇದ್ದಾರೆ. ಅವರು ಒಂದು ಗಂಟೆ ಹಗ್ಗವನ್ನು ಎಳೆದು ನೋಡುವುದು ಒಳ್ಳೆಯದು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬದಲಾವಣೆ ತೋರಿತು. ಬಾವಾಸ್ ಮಿಯಾ ಎಂಬುವರ ಹೆಸರನ್ನು ಅಲ್ಲಿಯವರು ಇಂದಿಗೂ ಗೌರವದಿಂದ ನೆನೆಯುವರು. ಜಪಾನೀಯರ ಬೊಂಬೆಯ ಕೆಲಸದ ರೀತಿಯನ್ನು ಈ ಊರಿಗೆ ತಂದ ಕೀರ್ತಿಯನ್ನು ಅವರಿಗೆ ಕೊಡುವುದು ವಾಡಿಕೆ. ತಲೆ ಒಂದು ಗುಂಡು, ಮೈ ಒಂದು ಉರುಳೆ ಎಂಬ ಸರಳವಾದ ಆಕಾರಗಳಲ್ಲಿ ಆ ಸಂಬಂಧದ ಗುರುತನ್ನು ಕಾಣಬಹುದು.

ಅದೇ ಕಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಜಲಪಾತಕ್ಕೆ ಕೋಲಾರಕ್ಕಿಂತ ಚನ್ನಪಟ್ಟಣ ಎಷ್ಟೋ ಹತ್ತಿರ. ಆದರೆ ಚಿನ್ನಕ್ಕೆ ಮೊದಲು ದೊರೆತ ಶಕ್ತಿ ಮನೆಯ ತಿರುಗಣೆಯನ್ನು ಮುಟ್ಟಲು ಬಹುಕಾಲ ಹಿಡಿಯಿತು. ಹಬೆಯ ಯಂತ್ರಕ್ಕೂ ವಿದ್ಯುತ್ತಿನ ಮೋಟರಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಹಬೆಯ ಯಂತ್ರ ದೊಡ್ಡದು, ಬೆಲೆಯುಳ್ಳದು. ಕೆಲಸಗಾರನೇ ಅದಿದ್ದ ಕಡೆಗೆ ಹೋಗಬೇಕು. ಸಣ್ಣ ಮೋಟರು ಕೆಲಸಗಾರನಿದ್ದ ಕಡೆಗೆ ಬರುವುದು. ಮನೆಯ ಪಡಸಾಲೆಯಲ್ಲಿ ಒಂದು ಮೋಟರು, ಒಂದು ಪಟ್ಟಿ, ಒಂದು ತಿರುಗಣೆ: ಕಾರ್ಖಾನೆ ಇಷ್ಟೇ.

ನಾವು ಕುಳಿತಿದ್ದುದು ಇಂತಹ ಒಂದು ಪಡಸಾಲೆಯಲ್ಲಿ. ಗೋಡೆಯ ಬಳಿ ಗರಗಸ, ಬಾಚಿ, ಕೊಡತಿ, ಬೈರಿಗೆ. ಹಲಗೆಯ ಮೇಲೆ ಏಳೆಂಟು ಉಳಿಗಳು. ಕೆಲವು ಸವೆದ ಅರವನ್ನು ಕಾಯಿಸಿ ಬಡಿದು ಮಾಡಿಕೊಂಡವು. ಮನೆಯ ಹಿರಿಯರು ಒಂದು ತುಂಡನ್ನು ಸಿಕ್ಕಿಸಿ ಗುಂಡಿಯನ್ನು ಒತ್ತಿದರು. ಎರಡು ನಿಮಿಷವೂ ಆಗಲಿಲ್ಲ, ಒಂದು ಬುಗುರಿ ಹುಟ್ಟಿತು. ನಮ್ಮ ಮುಖದಲ್ಲಿ, ಇದನ್ನು ಮಾಡಿದ್ದು ಯಂತ್ರವಲ್ಲವೆ ಎಂಬ ಭಾವ ಕಂಡಿರಬೇಕು. ಅವರು ಎದ್ದು, “ನೀವೇ ಕೂತ್ಕೊಳ್ಳಿ ಮೇಷ್ಟ್ರೇ” ಎಂದು ಉಳಿಯನ್ನು ನಮ್ಮ ಕೈಗಿತ್ತರು. ಉಳಿ ಮರವನ್ನು ಮುಟ್ಟಿದೊಡನೆ ಕಚ್ಚಿ ಹಾರಿತು. ಮರಕ್ಕೆ ಆಳವಾದ ಗಾಯ, ನಮ್ಮ ಮೊಣಕೈವರೆಗೂ ನಡುಕ. “ಒತ್ತಬೇಡಿ. ಮರ ತಾನಾಗೇ ಬರ್ತದೆ. ಸುಮ್ನೆ ಹಿಡ್ಕೊಳ್ಳಿ” ಎಂದರು. ಸುಮ್ಮನೆ ಹಿಡಿದುಕೊಳ್ಳುವುದೇ ಆ ವಿದ್ಯೆಯಲ್ಲಿ ಕಠಿನವಾದ ಭಾಗವೆಂದು ಆಗ ತಿಳಿಯಿತು.

ತಿರುಗಣೆಯಲ್ಲಿ ಎರಡು ಕೆಲಸಗಳಿವೆ: ತಿರುಗಿಸುವುದು ಒಂದು, ಕೊಯ್ಯುವುದು ಇನ್ನೊಂದು. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೆನ್ರಿ ಮಾಡ್ಸ್ಲೆ ಎಂಬಾತನು ಲೋಹವನ್ನು ಕಡೆಯುವ ಲೇತಿನಲ್ಲಿ ಉಳಿಯನ್ನೇ ಜಾರುವ ಕಬ್ಬಿಣದ ಹಿಡಿಯೊಂದರಲ್ಲಿ ಬಿಗಿದು, ಎರಡನೆಯ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸುವ ವಿಧಾನವನ್ನು ಪೂರ್ಣತೆಗೆ ತಂದನು. ಚನ್ನಪಟ್ಟಣದ ಮೋಟರು ಮೊದಲನೆಯ ಕೆಲಸವನ್ನು ಮಾತ್ರ ವಹಿಸಿಕೊಂಡಿತು. ಅದು ಹಗ್ಗ ಎಳೆಯುವ ತೋಳಿಗೆ ಬಿಡುವು ಕೊಟ್ಟು, ಉಳಿಯನ್ನು ಕೈಯಲ್ಲಿಯೇ ಬಿಟ್ಟಿತು. ಎಡೆಬಿಡದೆ ಒಂದೇ ಕಡೆಗೆ ತಿರುಗುವುದರಿಂದ ಅರಗಿಗೆ ಕಾವೂ ಚೆನ್ನಾಗಿ ದೊರೆಯಿತು. ಹಗ್ಗ ಎಳೆಯುತ್ತಿದ್ದ ಹೆಂಗಸರಲ್ಲಿ ಅನೇಕರು ತಾವೇ ಉಳಿ ಹಿಡಿದು ಕುಳಿತರು. ಇದನ್ನು ಕಸಬಿನ ಸಾವೆಂದು ಕರೆಯುವುದು ಹೇಗೆ?

ಹಾನಿ ಇಲ್ಲವೆಂದು ನಾವು ಹೇಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಮರದ ನುಣ್ಣನೆಯ ಹುಡಿ ಎದೆಗೆ ಸೇರುವುದು. ಮರೆಯಿಲ್ಲದ ಪಟ್ಟಿಗೆ ಸೆರಗು ಸಿಕ್ಕುವ ಭಯವುಂಟು. ಅಚ್ಚಿನಲ್ಲಿ ಎರೆದ ಅಗ್ಗದ ಪ್ಲಾಸ್ಟಿಕ್ಕಿನ ಬೊಂಬೆ ಅಂಗಡಿಗಳನ್ನು ತುಂಬಿದಾಗ ಅನೇಕ ತಿರುಗಣೆಗಳು ನಿಂತುವು. ನಿಲ್ಲಿಸಿದ್ದು ಮೋಟರಲ್ಲ, ಸಂತೆಯ ಬೆಲೆ. 2005-06ರ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆತು, ಊರಿನ ಹೆಸರನ್ನು ಇತರರು ಬಳಸಿಕೊಳ್ಳದಂತೆ ಕಾನೂನಿನ ಬೇಲಿ ಬಿದ್ದಿತು. ಆದರೆ ಹೆಸರನ್ನು ಕಾಯುವ ಕಾನೂನು ಕೈಯನ್ನು ಕಾಯಬೇಕೆಂದೇನೂ ಇಲ್ಲ. ಒಂದು ಮಾದರಿಯನ್ನು ನೋಡಿ ಸಾವಿರ ಪಡಿಯಚ್ಚುಗಳನ್ನು ತಾನೇ ಕೊಯ್ಯುವ, ಗಣಕದ ಆಜ್ಞೆಯಂತೆ ಉಳಿಯನ್ನು ನಡಸುವ ಲೇತುಗಳು ಈಗ ಪ್ರಪಂಚದಲ್ಲಿವೆ. ಮಾಡ್ಸ್ಲೆಯ ಕಬ್ಬಿಣದ ಹಿಡಿ ಚನ್ನಪಟ್ಟಣದ ಪಡಸಾಲೆಗೆ ಬರುವ ದಿನ, ಇಷ್ಟು ಹೊತ್ತು ನಾವು ವಾದಿಸಿದುದನ್ನು ಮತ್ತೆ ಮೊದಲಿನಿಂದ ಯೋಚಿಸಬೇಕಾಗುವುದು.

ಹೊರಡುವಾಗ ಆ ಹಿರಿಯರು ನಾವು ಕೆಡಿಸಿದ ತುಂಡನ್ನೇ ತಿದ್ದಿ, ಗಾಯ ಕಾಣುವಂತೆಯೇ ಬಿಟ್ಟು, ಕೆಂಪು ಅರಗು ಹತ್ತಿಸಿ, ಗರಿಯಿಂದ ಉಜ್ಜಿ ನಮ್ಮ ಕೈಗೆ ಕೊಟ್ಟರು. ಹಣ ಕೊಡಲು ಹೋದರೆ ನಕ್ಕುಬಿಟ್ಟರು. ಆ ಬುಗುರಿ ನಮ್ಮ ಮೇಜಿನ ಮೇಲಿದೆ. ಬಹಳ ಚೆನ್ನಾಗಿ ಹೊಳೆಯುತ್ತದೆ. ತಿರುಗಿಸಿದರೆ ಮಾತ್ರ ನಾಲ್ಕು ಸುತ್ತು ಓಲಾಡಿ ಗಾಯದ ಮಗ್ಗುಲಿಗೆ ಬೀಳುತ್ತದೆ.