ಕಾರಹುಣ್ಣಿಮೆ ಮತ್ತು ನಮ್ಮ ಸೀಮೆಯ ಒಕ್ಕಲುತನ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಭಾಗದ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಹರಪನಹಳ್ಳಿ, ಜರಿಮಲೆ ಪಾಳೆಯಗಾರರ ಬಗ್ಗೆ ಬರೆಯಬಲ್ಲ ವಿದ್ವಾಂಸರಿದ್ದಾರೆ. ರೈತನ ಮಗನಾದ ನಾನು ಕಾರಹುಣ್ಣಿಮೆಯ ಬಗ್ಗೆ ಬರೆಯುತ್ತೇನೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುತ್ತಿತ್ತು, ಸಾಮಾನ್ಯವಾಗಿ ಅದೇ ತಿಂಗಳಲ್ಲಿ ಈ ಹಬ್ಬವೂ ಬರುತ್ತಿತ್ತು. ಮರುದಿನ ಅಂಗೈಯಲ್ಲಿ ಹುರಮಂಜಿನ ಬಣ್ಣ ಹಾಗೇ ಉಳಿದಿರುವಾಗ ಹೊಸ ನೋಟ್‌ಬುಕ್ ತೆರೆದು ಕೂತ ನೆನಪು ನನ್ನ ಸಹಪಾಠಿಗಳಿಗೂ ಇರಬಹುದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಆಡಳಿತ ಹಲವು ಕೈ ಬದಲಾಯಿಸಿದೆ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ. ಮಧ್ಯವರ್ತಿಗಳಿಲ್ಲದೆ ರೈತನಿಂದಲೇ ಕಂದಾಯ ಪಡೆಯುವ ರೈತವಾರಿ ಪದ್ಧತಿ ಬೇರುಬಿಟ್ಟದ್ದು ಆಗಲೇ. ಮುಂದೆ ಮದ್ರಾಸ್ ಪ್ರಾಂತ್ಯ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿ ಮತ್ತೆ ಬಳ್ಳಾರಿಗೆ ಬಂತು. 2021ರಿಂದ ಎಲ್ಲವೂ ವಿಜಯನಗರ ಜಿಲ್ಲೆ. ಆದರೆ ಹೊಲಕ್ಕೆ ಒಡೆಯ ಯಾವಾಗಲೂ ಮಳೆಯೇ. 1876-78ರ ಭೀಕರ ಬರದಲ್ಲಿ ಬಳ್ಳಾರಿ ಜಿಲ್ಲೆ ಅಪಾರ ಜನರನ್ನು, ದನಕರುಗಳನ್ನು ಕಳೆದುಕೊಂಡಿತು.

ಬೀಳುಬಿದ್ದ ಎರೆ ಹೊಲದಲ್ಲಿ ಕರಿಕೆ, ಜೇಕು ಹಬ್ಬಿದರೆ ಸಣ್ಣ ಕುಂಟೆಗೆ ಬಗ್ಗುವುದಿಲ್ಲ. ದೊಡ್ಡ ಮಡಿಕೆಗೆ ನಾಲ್ಕಾರು ಜೋಡಿ ಎತ್ತು ಹೂಡಿ ಆಳಕ್ಕೆ ಒಡೆಯಬೇಕಿತ್ತು. ಒಬ್ಬ ರೈತನ ಹಟ್ಟಿಯಲ್ಲಿ ಅಷ್ಟು ಎತ್ತು ಎಲ್ಲಿರಬೇಕು? ಇಂದು ನಿನ್ನ ಹೊಲಕ್ಕೆ ನನ್ನ ಎತ್ತು, ನಾಳೆ ನನ್ನ ಹೊಲಕ್ಕೆ ನಿನ್ನವು ಎಂಬ ಮುಯ್ಯಿಯಿಂದಲೇ ಈ ಸೀಮೆಯ ಹೊಲಗಳು ಹೊಲಗಳಾದವು.

ಇಂಥ ಒಕ್ಕಲುತನಕ್ಕೆ ತನ್ನದೇ ಪಂಚಾಂಗವಿತ್ತು. ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಬಂಡಿ ಕಟ್ಟಿಕೊಂಡು ಹೋಗುವುದು. ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಒಂದೇ ಸಾಲಿನ ಕಾರಣಿಕದಲ್ಲಿ ಆ ವರ್ಷದ ಮಳೆ ಬೆಳೆಯ ಸೂಚನೆ ಹುಡುಕುವುದು. ಜ್ಯೇಷ್ಠ ಮಾಸದಲ್ಲಿ ಕಾರಹುಣ್ಣಿಮೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಗ ಮಕ್ಕಳ ಕೈಯಲ್ಲಿ ಮಣ್ಣಿನ ಎತ್ತುಗಳು.

ಕಾರಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳ ಮೈ ತೊಳೆದು, ಗೊಟ್ಟದಲ್ಲಿ ಎಣ್ಣೆ ಕುಡಿಸಿ, ಉಗ್ಗಿ ತಿನ್ನಿಸುತ್ತಿದ್ದರು. ಹಬ್ಬದ ದಿನ ಕೊಂಬಿಗೆ ಬಣ್ಣ, ಕೋಡೆಣಸು, ಹಣೆಗೆ ಗೊಂಡೆ, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಜೂಲ. ಸಂಜೆ ಊರ ಅಗಸೆಗೆ ಬೇವಿನ ತೊಪ್ಪಲು, ಕೊಬ್ಬರಿ ಕಟ್ಟಿದ ಹಗ್ಗವನ್ನು ಅಡ್ಡ ಬಿಗಿದು ಕರಿ ಹರಿಯುವುದು. ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಬೆಳೆ ಚೆನ್ನಾಗಿ ಬರುತ್ತದೆಂದು ಹಿರಿಯರ ನಂಬಿಕೆ.

ನಮಗೆ ಹುಡುಗರಿಗೆ ಕಂಡದ್ದು ಇಷ್ಟೇ. ದೊಡ್ಡವರಿಗೆ ಅದು ವರ್ಷದ ಪರೀಕ್ಷೆ. ಮಿರುಗದ ಮಳೆ ಹದ ಕೊಟ್ಟರೆ ಮರುದಿನವೇ ಕೂರಿಗೆ ಹೂಡಬೇಕು. ಅಷ್ಟರೊಳಗೆ ಕಮ್ಮಾರ ಕುಂಟೆಯ ಕುಡ ಹಣಿದಿರಬೇಕು, ಬಡಿಗ ನೊಗ ಕೆತ್ತಿರಬೇಕು, ಬಾರು, ಮಿಣಿ, ಬಾರಕೋಲು ಸಿದ್ಧವಿರಬೇಕು. ಇವರಿಗೆಲ್ಲ ಕೂಲಿ ಹಣದಲ್ಲಿ ಸಲ್ಲುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಒಯ್ಯುತ್ತಿದ್ದರು. ಅಗಸೆಯಲ್ಲಿ ಓಡುತ್ತಿದ್ದ ಪ್ರತಿ ಜೋಡಿ ಎತ್ತಿನ ಹಿಂದೆ ಹಲವರ ಕೈಕಸುಬು ಇರುತ್ತಿತ್ತು.

ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಆ ಮಿಣಿ, ಬಾರು ಹೊಸೆದುಕೊಟ್ಟವರು ಮೆರವಣಿಗೆಯ ದಿನ ಅಗಸೆಯಿಂದ ದೂರವೇ ನಿಂತಿರುತ್ತಿದ್ದರು. ಅವರ ಮಕ್ಕಳು ನಮ್ಮೊಂದಿಗೆ ಒಂದೇ ಬೆಂಚಿನ ಮೇಲೆ ಕೂತದ್ದು ಈ ಶಾಲೆಯಲ್ಲಿ. ಹಳೆಯದನ್ನೆಲ್ಲ ಹೊಗಳುವವರು ಇದನ್ನು ಮರೆಯಬಾರದು.

ಕೂರಿಗೆಯ ಬಗ್ಗೆ ಎರಡು ಮಾತು. ಬಿತ್ತನೆಯ ಯಂತ್ರವನ್ನು ಇಂಗ್ಲೆಂಡಿನಲ್ಲಿ ಜೆಥ್ರೊ ಟಲ್ ರೂಪಿಸಿದ್ದು 1701ರ ಸುಮಾರಿಗೆ ಎಂದು ಪುಸ್ತಕಗಳಲ್ಲಿದೆ. ಆ ಶತಮಾನದ ಕೊನೆಯಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಅಧಿಕಾರಿ ದಕ್ಷಿಣ ಭಾರತದ ರೈತರ ಕೂರಿಗೆ ನೋಡಿ, ಇದು ಯುರೋಪಿನ ಹೊಸ ಶೋಧನೆಯೆಂದು ತಾನು ತಿಳಿದಿದ್ದೆನೆಂದು ಬೆರಗಾಗಿ ಬರೆದ. ಧರಂಪಾಲ್ ಅವರು 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಬರಹವಿದೆ. ಮೇಲೊಂದು ಬಟ್ಟಲು, ಅದರಿಂದ ಇಳಿಯುವ ಬಿದಿರು ಕೊಳವೆಗಳು, ಕೆಳಗೆ ಮಣ್ಣು ಸೀಳುವ ತಾಳುಗಳು. ಹಿಂದೆ ಹಗ್ಗಕ್ಕೆ ಕಟ್ಟಿದ ಬೇರೆ ಕೊಳವೆಯಿಂದ ಅಕ್ಕಡಿ ಸಾಲಿಗೆ ತೊಗರಿ. ಸಾಲಿನ ಅಂತರವನ್ನು ಬಡಿಗ ನಿಶ್ಚಯಿಸಿರುತ್ತಾನೆ. ಆದರೆ ಎಷ್ಟು ಕಾಳು ಬೀಳಬೇಕೆಂಬುದನ್ನು ನಿಶ್ಚಯಿಸುವುದು ಬೀಜ ಬಿಡುವವರ ಮುಷ್ಟಿ. ನಮ್ಮ ಮನೆಯಲ್ಲಿ ಅದು ನನ್ನ ಅವ್ವನದು. ನಾನು ಬಟ್ಟಲಿಗೆ ಕೈ ಹಾಕಿದರೆ, "ನೀನು ಓದೋನು, ನಿನಗಿದ್ಯಾಕ" ಎಂದು ಸರಿಸುತ್ತಿದ್ದಳು. ನಾನೂ ಕಲಿಯಲಿಲ್ಲ. ಓದಿದೆ, ನೌಕರಿ ಹಿಡಿದೆ.

ಈಗ ಊರಿನಲ್ಲಿ ಎತ್ತಿನ ಜೋಡಿಗಳನ್ನು ಬೆರಳೆಣಿಸಿ ಹೇಳಬಹುದು. ನವಣೆ, ಸಜ್ಜೆ, ಅಕ್ಕಡಿ ಸಾಲಿನ ಹೊಲಗಳಲ್ಲಿ ಮೆಕ್ಕೆಜೋಳ ನಿಂತಿದೆ. ಟ್ರ್ಯಾಕ್ಟರಿನ ಕೂರಿಗೆ ಒಂದು ದಿನದ ಕೆಲಸವನ್ನು ಗಂಟೆಗಳಲ್ಲಿ ಮುಗಿಸುತ್ತದೆ. ಅದನ್ನು ನಾನು ದೂರುವುದಿಲ್ಲ. ಬಿಸಿಲಲ್ಲಿ ಕೂರಿಗೆಯ ಹಿಂದೆ ದಿನವಿಡೀ ನಡೆದ ಕಾಲುಗಳ ನೋವು ನೋಡಿ ಬೆಳೆದವನು ನಾನು. ಹೋದ ಕಾರಹುಣ್ಣಿಮೆಗೆ ಅಟ್ಟದಿಂದ ಕೂರಿಗೆ ಇಳಿಸಿದೆ. ಒಂದು ತಾಳು ಮುರಿದಿತ್ತು. ಅವ್ವನಿಗೆ ಒಂದು ಹಿಡಿ ಮರಳು ಕೊಟ್ಟು, ಬೀಜ ಬಿಡುವುದನ್ನು ತೋರಿಸು ಎಂದೆ. ನಡುಗುವ ಕೈ ಬಟ್ಟಲಿನ ಮೇಲೆ ಬಂದೊಡನೆ ಸ್ಥಿರವಾಯಿತು. ಮರಳು ಎಳೆಯಾಗಿ ಇಳಿಯಿತು. ನಾನು ಮಾಡಿದಾಗ ಒಮ್ಮೆಲೇ ಸುರಿಯಿತು. "ಕೈ ನೋಡಬ್ಯಾಡ, ಎತ್ತಿನ ಹೆಜ್ಜಿ ನೋಡು" ಎಂದಳು. ಎದುರಿಗೆ ಎತ್ತು ಇರಲಿಲ್ಲ.

ನಮ್ಮ ಶಾಲೆ ನಮಗೆ ಅಕ್ಷರ ಕೊಟ್ಟಿತು. ಅವ್ವನಂಥವರಿಗೆ ಅಕ್ಷರ ಬಾರದು. ಅವರು ಬಲ್ಲದ್ದು ಎಲ್ಲಿಯೂ ಬರೆದಿಲ್ಲ. ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರ್ಷ ಕಾರಹುಣ್ಣಿಮೆಗೆ ಎಂಟನೆಯ ತರಗತಿಯ ಪ್ರತಿ ವಿದ್ಯಾರ್ಥಿಯೂ ಮನೆಯ ಅಥವಾ ಓಣಿಯ ಹಿರಿಯರೊಬ್ಬರನ್ನು ಕಂಡು, ಒಂದು ಸಲಕರಣೆಯ ಭಾಗಗಳ ಹೆಸರು, ಅದನ್ನು ಮಾಡಿದವರು, ಬಳಸುವ ಬಗೆ ಬರೆದು ತರಲಿ. ಕಮ್ಮಾರರ ಓಣಿಗೂ ಹೋಗಲಿ, ಮಿಣಿ ಹೊಸೆದವರ ಕೇರಿಗೂ ಹೋಗಲಿ. ಆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿರಲಿ. ಮೊದಲ ಪುಟಕ್ಕೆ ಕೂರಿಗೆಯ ವಿವರವನ್ನು ಅವ್ವನಿಂದ ಕೇಳಿ ನಾನೇ ಬರೆದು ಕೊಡುತ್ತೇನೆ. ಮುರಿದ ತಾಳು ಸರಿಮಾಡಿಸಿ, ಕೂರಿಗೆಯನ್ನೂ ಶಾಲೆಗೆ ಒಪ್ಪಿಸುತ್ತೇನೆ.