ವಿದ್ಯಾಸ್ನಾತಕರಾದ ವೃತ್ತಿಸ್ಥರು

ಬಿ. ಎ. ಮೊದಲಾದ ಪ್ರಥಮ ಪದವಿಗಳಿಗೆ ಕನ್ನಡದಲ್ಲಿ ‘ಸ್ನಾತಕಪದವಿ’ ಎಂಬ ಹೆಸರು ರೂಢವಾಗಿದೆ. ಗುರುಕುಲವಾಸವನ್ನು ಮುಗಿಸಿ ಸಮಾವರ್ತನಸ್ನಾನವನ್ನು ಮಾಡಿದವನು ಸ್ನಾತಕನು; ಆ ಸ್ನಾನವಾದರೋ ವಿವಾಹಕ್ಕೆ ಮುಂಚೆಯೇ ನಡೆಯತಕ್ಕದ್ದು. ಇಂಗ್ಲಿಷಿನ ‘ಬ್ಯಾಚಲರ್’ ಎಂಬ ಶಬ್ದವೂ ಪದವೀಧರನಿಗೂ ಅವಿವಾಹಿತನಿಗೂ ಸಮಾನವಾಗಿ ಸಲ್ಲುತ್ತದೆ. ಅದರ ಲ್ಯಾಟಿನ್ ರೂಪಕ್ಕೆ ಲಾರೆಲ್ ಗಿಡದ ಹಣ್ಣಿನ ಸಂಬಂಧವನ್ನು ಹಚ್ಚಿದುದು ಹಿಂದಿನ ಪಂಡಿತರ ಚಮತ್ಕಾರವೇ ಹೊರತು ನಿಜವಾದ ವ್ಯುತ್ಪತ್ತಿಯಲ್ಲ. ಹೀಗೆ ಎರಡು ಭಾಷೆಗಳಲ್ಲಿಯೂ ಈ ಪದವಿಯ ಹೆಸರೇ ಸಂಸಾರಭಾರವಿಲ್ಲದ ತರುಣನನ್ನು ಸೂಚಿಸುತ್ತಿರಲು, ಹೆಂಡಿರು ಮಕ್ಕಳನ್ನು ಸಾಕುತ್ತ, ಹಗಲೆಲ್ಲ ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ದುಡಿಯುವವನಿಗೆ ಅದು ಎಂದು ದೊರೆಯಿತು, ದೊರೆತುದರಿಂದ ಅವನಿಗಾದ ಪ್ರಯೋಜನವೇನು ಎಂಬುದು ವಿಚಾರಾರ್ಹವಾಗಿದೆ.

ಪಾರಸ್ಕರಗೃಹ್ಯಸೂತ್ರದಲ್ಲಿ ಸ್ನಾತಕರು ಮೂರು ಬಗೆಯವರೆಂದು ಹೇಳಿದೆ. ವೇದವನ್ನು ಮುಗಿಸಿ, ವ್ರತದ ಕಾಲವನ್ನು ಮುಗಿಸದೆ ಹಿಂದಿರುಗುವವನು ವಿದ್ಯಾಸ್ನಾತಕನು. ವ್ರತವನ್ನು ಮುಗಿಸಿ ವೇದವನ್ನು ಮುಗಿಸದವನು ವ್ರತಸ್ನಾತಕನು. ಎರಡನ್ನೂ ಮುಗಿಸಿದವನು ವಿದ್ಯಾವ್ರತಸ್ನಾತಕನು. ಮೂವರಿಗೂ ಸ್ನಾತಕರೆಂಬ ಹೆಸರು ಸಲ್ಲುವುದೆಂಬುದು ಗಮನಿಸತಕ್ಕ ಅಂಶ. ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ಗೃಹಸ್ಥಧರ್ಮವಾದ ಮೇಲೆಯೇ ಸ್ನಾತಕಧರ್ಮಪ್ರಕರಣವು ಬರುತ್ತದೆ. ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಕ್ರಮವೂ ಅದೇ. ಆದುದರಿಂದ ಗೃಹಸ್ಥನೂ ಸ್ನಾತಕನೂ ಒಬ್ಬನೇ ಆಗಿರುವುದು ನಮ್ಮ ಶಾಸ್ತ್ರಕಾರರಿಗೆ ವಿರೋಧವಾಗಿ ತೋರಿರಲಿಲ್ಲ. ಆಧುನಿಕ ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಈ ತ್ರಿವಿಧವಿಭಾಗದ ಬೆಳಕಿನಲ್ಲಿ ನೋಡಿದರೆ ವಿಷಯವು ಬಹುಮಟ್ಟಿಗೆ ವಿಶದವಾಗುವುದು.

ಲಂಡನ್ ನಗರದಲ್ಲಿ ಜಾರ್ಜ್ ಬರ್ಕ್‌ಬೆಕ್ ಎಂಬ ವೈದ್ಯರು 1823ರಲ್ಲಿ ಕುಶಲಕರ್ಮಿಗಳಿಗಾಗಿ ಒಂದು ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ದುಡಿಮೆ ಮುಗಿದ ಮೇಲೆ ಸಂಜೆಯ ಹೊತ್ತಿನಲ್ಲಿ ಅಲ್ಲಿ ಉಪನ್ಯಾಸಗಳು ನಡೆಯುತ್ತಿದ್ದುವು. ಅಲ್ಲಿ ಅರಿವು ದೊರೆಯುತ್ತಿತ್ತು, ಪದವಿ ದೊರೆಯುತ್ತಿರಲಿಲ್ಲ. 1836ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾನಿಲಯವು ತಾನು ಪಾಠ ಹೇಳದೆ ಪರೀಕ್ಷೆಯನ್ನು ಮಾತ್ರ ನಡೆಸುವ ಸಂಸ್ಥೆಯಾಗಿದ್ದರೂ, ಅಂಗೀಕೃತವಾದ ಒಂದು ಕಾಲೇಜಿನಲ್ಲಿ ಓದಿದುದಕ್ಕೆ ಪ್ರಮಾಣಪತ್ರವನ್ನು ಕೇಳುತ್ತಿತ್ತು. ಎಂದರೆ, ವಿದ್ಯೆಯೊಡನೆ ವ್ರತವೂ ಬೇಕಾಗಿತ್ತು. ಅಂಗೀಕೃತ ಕಾಲೇಜುಗಳ ಪಟ್ಟಿ ಬೆಳೆಯುತ್ತ ಹೋದಂತೆ ಆ ಪ್ರಮಾಣಪತ್ರಕ್ಕೆ ಅರ್ಥವು ಕುಂದಿತು. 1858ರ ಹೊಸ ಸನ್ನದು ವೈದ್ಯವಿಭಾಗವನ್ನುಳಿದು ಆ ನಿರ್ಬಂಧವನ್ನು ತೆಗೆದುಹಾಕಿತು. ಅಭ್ಯರ್ಥಿಯು ಎಲ್ಲಿ ಓದಿದನು, ಯಾರಲ್ಲಿ ಓದಿದನು ಎಂಬ ಪ್ರಶ್ನೆ ಅಂದಿಗೆ ನಿಂತಿತು. ಏನು ಬಲ್ಲನು ಎಂಬುದೊಂದೇ ಉಳಿಯಿತು. ವಿದ್ಯಾಸ್ನಾತಕನಿಗೆ ಆಧುನಿಕ ಕಾಲದಲ್ಲಿ ಮಾನ್ಯತೆ ದೊರೆತುದು ಹೀಗೆ. 1878ರಲ್ಲಿ ಸ್ತ್ರೀಯರಿಗೂ ಅದೇ ಪರೀಕ್ಷೆಗಳೂ ಅದೇ ಪದವಿಗಳೂ ತೆರೆದುವು.

ಇದರಿಂದ ವೃತ್ತಿಸ್ಥರಿಗಾದ ಲಾಭವನ್ನು ಎಚ್. ಜಿ. ವೆಲ್ಸ್ ಅವರ ವೃತ್ತಾಂತದಲ್ಲಿ ಸ್ಪಷ್ಟವಾಗಿ ಕಾಣಬಹುದು. ಸೌತ್ ಕೆನ್ಸಿಂಗ್ಟನ್ನಿನ ವಿಜ್ಞಾನಶಾಲೆಯನ್ನು ಅವರು 1887ರಲ್ಲಿ ಕಡೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಬಿಟ್ಟವರು. ಪ್ರಾಚೀನ ಕ್ರಮದಲ್ಲಿ ಅವರ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಅವರು ಖಾಸಗಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದುಕೊಂಡೇ ಓದಿ 1890ರಲ್ಲಿ ಲಂಡನ್ನಿನ ಬಿ. ಎಸ್‌ಸಿ. ಪದವಿಯನ್ನು ಪಡೆದರು, ಪ್ರಾಣಿಶಾಸ್ತ್ರದಲ್ಲಿ ಪ್ರಥಮ ದರ್ಜೆ ಬಂದಿತು. ಆ ಬಳಿಕ ಅಂಚೆಯ ಮೂಲಕ ಪಾಠ ಹೇಳುವ ಒಂದು ಸಂಸ್ಥೆಯಲ್ಲಿ, ತಮ್ಮಂತೆಯೇ ದುಡಿದು ಓದುತ್ತಿದ್ದವರಿಗೆ ಅವರು ಬೋಧಕರಾದರು. 1893ರಲ್ಲಿ ಜೀವಶಾಸ್ತ್ರದ ಪಠ್ಯಗ್ರಂಥವನ್ನು ಪ್ರಕಟಿಸಿದರು. ಜೀವನೋಪಾಯವು ಒಂದು ದಿನವೂ ತಪ್ಪದೆ ಇದ್ದುದು ಒಂದು ಪ್ರಯೋಜನ. ಹೆಚ್ಚಿನ ಸ್ಥಾನಕ್ಕೆ ಅಧಿಕಾರ ಬಂದುದು ಮತ್ತೊಂದು. ಇವೆರಡಕ್ಕಿಂತಲೂ ದೊಡ್ಡದೆಂದರೆ, ಬೆಳಗ್ಗೆ ಕಲಿಸಿದುದನ್ನು ರಾತ್ರಿ ಕಲಿಯುವವನಲ್ಲಿ ಓದಿಗೂ ಕಸುಬಿಗೂ ಏರ್ಪಡುವ ಬೆಸುಗೆ. ಅದು ಬರಿಯ ವಿದ್ಯಾರ್ಥಿಗೆ ದುರ್ಲಭವಾದುದು.

ಈ ಏರ್ಪಾಡಿನಲ್ಲಿ ಕೊರತೆ ಇರಲಿಲ್ಲವೆಂದು ಹೇಳಲಾಗದು. ಗುರುಮುಖವಿಲ್ಲದ ಓದು ಪ್ರಶ್ನಪತ್ರಿಕೆಯ ಹಿಂದೆ ಓಡುವುದು ಸಹಜ. ಪರೀಕ್ಷೆಯೇ ಸರ್ವಸ್ವವಾದಾಗ ಕಂಠಪಾಠಕ್ಕೂ ಪಾಂಡಿತ್ಯಕ್ಕೂ ಭೇದವು ಮಸುಕಾಗುವುದು. ಈ ಆಕ್ಷೇಪವು ಲಂಡನ್ನಿನಲ್ಲಿಯೇ ಬಲವಾಗಿ ಎದ್ದಿತು. ಅದರ ಫಲವಾಗಿ 1898ರ ಕಾಯಿದೆಯು ಬೋಧನೆಯನ್ನೂ ವಿಶ್ವವಿದ್ಯಾನಿಲಯದ ಕಾರ್ಯವನ್ನಾಗಿ ಮಾಡಿತು. ಆದರೆ ಹೊರಗಿನ ವಿದ್ಯಾರ್ಥಿಗಳನ್ನು ತಳ್ಳಿಹಾಕಲಿಲ್ಲ. ಬರ್ಕ್‌ಬೆಕ್ಕರ ಸಂಸ್ಥೆಯೂ 1920ರಲ್ಲಿ ಸಂಜೆಯ ವಿದ್ಯಾರ್ಥಿಗಳ ಕಾಲೇಜಾಗಿ ಅದೇ ವಿಶ್ವವಿದ್ಯಾನಿಲಯದ ಅಂಗವಾಯಿತು. ಗುರುವೂ ಪದವಿಯೂ ಒಂದೇ ಕಡೆ ದುಡಿಯುವವನಿಗೆ ದೊರೆಯಲು ಸುಮಾರು ನೂರು ವರ್ಷಗಳು ಹಿಡಿದುವು.

ಭರತಖಂಡದಲ್ಲಿ ನಡೆದುದು ವಿಚಿತ್ರವಾಗಿದೆ. 1854ರ ವುಡ್ಡರ ನಿರೂಪವು ಇಲ್ಲಿಯ ವಿಶ್ವವಿದ್ಯಾನಿಲಯಗಳಿಗೆ ಲಂಡನ್ನನ್ನೇ ಮಾದರಿಯಾಗಿ ನಿರ್ದೇಶಿಸಿತು. 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಮೂರು ವಿಶ್ವವಿದ್ಯಾನಿಲಯಗಳು ಹುಟ್ಟಿದುವು. ಕಾಲೇಜಿನ ಪ್ರಮಾಣಪತ್ರದ ನಿಯಮವೂ ಅವುಗಳೊಡನೆ ಬಂದಿತು. ಮರುವರ್ಷವೇ ಮೂಲವು ಆ ನಿಯಮವನ್ನು ಬಿಟ್ಟಿತು, ಪ್ರತಿಯು ಬಿಡಲಿಲ್ಲ. ಗ್ರಂಥಸಂಪಾದಕರಿಗೆ ಇಂಥದು ಪರಿಚಿತವೇ: ಕವಿಯು ತಿದ್ದಿದ ಪಾಠವು ಲಿಪಿಕಾರನನ್ನು ಮುಟ್ಟದೆ, ಹಳೆಯ ಪಾಠವೇ ಶಾಖೆಯಲ್ಲೆಲ್ಲ ಹಬ್ಬುವುದುಂಟು. 1904ರ ಕಾಯಿದೆಯೂ ಅದನ್ನೇ ಉಳಿಸಿಕೊಂಡಿತು. ಸೆನೆಟ್ ಸಭೆಯ ವಿಶೇಷಾಜ್ಞೆಯಿಂದ ವಿನಾಯಿತಿ ದೊರೆಯಬಹುದೆಂಬ ಒಂದು ಕಿಂಡಿ ಮಾತ್ರ ಇದ್ದಿತು. ಹಲವು ವಿಶ್ವವಿದ್ಯಾನಿಲಯಗಳಲ್ಲಿ ಶಾಲೆಯ ಉಪಾಧ್ಯಾಯರೂ ಸ್ತ್ರೀಯರೂ ಈ ಕಿಂಡಿಯಿಂದಲೇ ಖಾಸಗಿ ಅಭ್ಯರ್ಥಿಗಳಾಗಿ ಒಳಹೊಕ್ಕರು. ಕಚೇರಿಯ ಗುಮಾಸ್ತೆಗೆ ಅದೂ ಸುಲಭವಾಗಿರಲಿಲ್ಲ.

ಇದೇ ಲಂಡನ್ ಮಾದರಿಯಿಂದ 1873ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಪರೀಕ್ಷಾಸಂಸ್ಥೆಯು ಮುಂದೆ ದಕ್ಷಿಣ ಆಫ್ರಿಕ ವಿಶ್ವವಿದ್ಯಾನಿಲಯವಾಯಿತು. ಅಲ್ಲಿಯ ಫಲವು ಬೇರೆಯಾಗಿತ್ತು. ಫೋರ್ಟ್ ಹೇರ್ ಕಾಲೇಜಿನ ಓದನ್ನು 1940ರಲ್ಲಿ ಅರ್ಧಕ್ಕೆ ಬಿಡಬೇಕಾಗಿ ಬಂದ ನೆಲ್ಸನ್ ಮಂಡೇಲರು ಜೋಹಾನ್ಸ್‌ಬರ್ಗಿನ ಒಂದು ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿಯುತ್ತ, ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಓದುತ್ತ, 1942ರ ಕೊನೆಯಲ್ಲಿ ಈ ವಿಶ್ವವಿದ್ಯಾನಿಲಯದ ಬಿ. ಎ. ಪರೀಕ್ಷೆಯನ್ನು ಮುಗಿಸಿದರು. ಮರುವರ್ಷ ನ್ಯಾಯಶಾಸ್ತ್ರದ ತರಗತಿಯನ್ನು ಸೇರಲು ಅದು ಮೆಟ್ಟಿಲಾಯಿತು. 1952ರಲ್ಲಿ ಅವರೂ ಆಲಿವರ್ ಟಾಂಬೋ ಅವರೂ ಕೂಡಿ ವಕೀಲರ ಕಚೇರಿಯನ್ನು ತೆರೆದರು. ಎಲ್‌ಎಲ್. ಬಿ. ಪದವಿಯಾದರೋ 1989ರಲ್ಲಿ, ಅವರು ಇನ್ನೂ ಸೆರೆಯಲ್ಲಿದ್ದಾಗ, ಎಪ್ಪತ್ತು ವರ್ಷ ದಾಟಿದ ಮೇಲೆ, ಅದೇ ವಿಶ್ವವಿದ್ಯಾನಿಲಯದಿಂದ ದೊರೆಯಿತು.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂಬ ಎರಡು ಕಾಲೇಜುಗಳೊಡನೆ ಆರಂಭವಾಯಿತು. ಶಿವಮೊಗ್ಗೆಯ ಉಪಾಧ್ಯಾಯನೊಬ್ಬನು ಬಿ. ಎ. ಓದಬೇಕಾದರೆ ಕೆಲಸವನ್ನೂ ಊರನ್ನೂ ಬಿಡಬೇಕಾಗಿತ್ತು. ಬಿಟ್ಟರೆ ಮನೆಯವರ ಗತಿ ಏನೆಂಬುದೇ ಅವನ ಮುಂದಿದ್ದ ಪ್ರಶ್ನೆ. ಓದುವ ಶಕ್ತಿಯಿದ್ದೂ ಸಂಸಾರವನ್ನು ಬಿಡಲಾರದೆ ನಿಂತವರ ಲೆಕ್ಕವು ಯಾವ ವಿಶ್ವವಿದ್ಯಾನಿಲಯದ ದಫ್ತರದಲ್ಲಿಯೂ ಇರಲಾರದು. ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆಶಿಕ್ಷಣವನ್ನು ಆರಂಭಿಸಿ ದೇಶಕ್ಕೆ ದಾರಿ ತೋರಿಸಿತು. ಮೈಸೂರು 1969ರಲ್ಲಿ ಅದನ್ನು ಅನುಸರಿಸಿತು. ಇಲ್ಲಿಯ ಸಂಸ್ಥೆಗೆ ಸಂದ ‘ಅಂಚೆ ಮತ್ತು ತೆರಪಿನ ಶಿಕ್ಷಣ’ ಎಂಬ ಹೆಸರು ಮೆಚ್ಚತಕ್ಕದ್ದಾಗಿದೆ. ತೆರಪು ಎಂದರೆ ಎಡೆ, ಅವಕಾಶ, ಬಿಡುವು. ಎರಡು ಕೆಲಸಗಳ ನಡುವೆ ಉಳಿಯುವ ಹೊತ್ತಿಗೆ ಇದಕ್ಕಿಂತ ಒಪ್ಪುವ ಕನ್ನಡ ಶಬ್ದವು ದೊರೆಯುವುದು ಕಷ್ಟ. 1996ರಲ್ಲಿ ಈ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಪರಿಣಮಿಸಿತು. ಆ ವೇಳೆಗೆ ಲಂಡನ್ನಿನ ಸನ್ನದು ಹೊರಟು 138 ವರ್ಷಗಳಾಗಿದ್ದುವು.